ಕಾಪುವದ ಕಂಚಿನ ನಾಣ್ಯಗಳು

ಇಟಲಿಯ ಕಂಪಾನಿಯ ಪ್ರಾಂತದಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಅಚ್ಚಾದ ಒಂದು ಕಂಚಿನ ನಾಣ್ಯವುಂಟು. ಅದರ ಮುಂಬದಿಯಲ್ಲಿ ಎಲೆಗಳ ಕಿರೀಟವನ್ನು ಧರಿಸಿದ, ಗಡ್ಡಧಾರಿಯಾದ ಜುಪಿಟರ್ ದೇವನ ಶಿರಸ್ಸು; ಹಿಂಬದಿಯಲ್ಲಿ ಎದುರುಬದುರಾಗಿ ನಿಂತ ಇಬ್ಬರು ಯೋಧರು, ಅವರ ನಡುವೆ ಬಲಿಗೆಂದು ತಂದ ಹಂದಿಮರಿ; ಜೊತೆಗೆ, ಬಲದಿಂದ ಎಡಕ್ಕೆ ಓದತಕ್ಕ ನಾಲ್ಕೇ ಅಕ್ಷರಗಳು. ಆ ಅಕ್ಷರಗಳು ಲ್ಯಾಟಿನ್ ಲಿಪಿಯವಲ್ಲ, ಗ್ರೀಕ್ ಲಿಪಿಯವೂ ಅಲ್ಲ. ದಕ್ಷಿಣ ಇಟಲಿಯ ಜನ ಒಂದು ಕಾಲದಲ್ಲಿ ಮನೆಯಲ್ಲಿಯೂ ಸಂತೆಯಲ್ಲಿಯೂ ಆಡುತ್ತಿದ್ದು ಇಂದು ಸಂಪೂರ್ಣವಾಗಿ ಲುಪ್ತವಾಗಿರುವ ಓಸ್ಕನ್ ಭಾಷೆಯವು. ಅವು ಹೇಳುವುದು ‘ಕಾಪು’ ಎಂದು. ಅದು ಕಾಪುವ ಎಂಬ ನಗರದ ಹೆಸರು.

ಈ ನಾಣ್ಯವನ್ನು ಅಚ್ಚೊತ್ತಿದ ಟಂಕಸಾಲೆ ಬಹುಕಾಲ ಬಾಳಲಿಲ್ಲ. ಕ್ರಿ.ಪೂ. 216ರಲ್ಲಿ ಕಾಪುವ ನಗರವು ರೋಮಿನ ಕೈಬಿಟ್ಟು ಅದರೊಡನೆ ಯುದ್ಧದಲ್ಲಿದ್ದ ಕಾರ್ಥೇಜಿನ ಸೇನಾನಿ ಹ್ಯಾನಿಬಲನ ಪಕ್ಷವನ್ನು ಸೇರಿದಂದಿನಿಂದ, ಕ್ರಿ.ಪೂ. 211ರಲ್ಲಿ ರೋಮನ್ ಸೈನ್ಯಕ್ಕೆ ತನ್ನ ಬಾಗಿಲನ್ನು ತೆರೆದುಕೊಟ್ಟಂದಿನವರೆಗಿನ ಸುಮಾರು ಐದು ವರ್ಷಗಳಿಗೇ ನಾಣ್ಯಶಾಸ್ತ್ರಜ್ಞರು ಇದನ್ನೂ ಇದರ ಸೋದರ ನಾಣ್ಯಗಳನ್ನೂ ಸೇರಿಸುತ್ತಾರೆ. ಆ ಐದು ವರ್ಷಗಳ ಕಥೆಯನ್ನು ನಮಗೆ ವಿಸ್ತಾರವಾಗಿ ಹೇಳಿರುವವನು ಲಿವಿ ಎಂಬ ರೋಮನ್ ಇತಿಹಾಸಕಾರ. ಅವನು ಬರೆದದ್ದು ಆ ಘಟನೆಗಳು ಕಳೆದು ಸುಮಾರು ಎರಡು ಶತಮಾನಗಳಾದ ಮೇಲೆ, ಅದೂ ಗೆದ್ದವರ ಭಾಷೆಯಲ್ಲಿ, ಗೆದ್ದವರ ದೃಷ್ಟಿಯಿಂದ. ಕಾಪುವದ ಜನ ತಮ್ಮ ಕಥೆಯನ್ನು ತಾವೇ ಹೇಳಿಕೊಂಡ ಗ್ರಂಥ ಯಾವುದೂ ಉಳಿದುಬಂದಿಲ್ಲ. ಆದುದರಿಂದ ಆ ನಗರ ತನ್ನ ನಾಲಗೆಯಿಂದ ತಾನೇ ಆಡಿದ ಮಾತನ್ನು ಕೇಳಬೇಕೆಂದು ಬಯಸುವವರು ಈ ಕಂಚಿನ ಚೂರುಗಳನ್ನೇ ಆಶ್ರಯಿಸಬೇಕಾಗಿದೆ.

ಮೊದಲು ಆ ನಗರವೆಂತಹುದೆಂಬುದನ್ನು ನೋಡೋಣ. ವಿಸೂವಿಯಸ್ ಪರ್ವತದ ಉತ್ತರಕ್ಕೆ, ವೊಲ್ಟರ್ನಸ್ ನದಿಯ ಬಳಿಯಲ್ಲಿ, ಜ್ವಾಲಾಮುಖಿಯ ಬೂದಿಯಿಂದ ಕೊಬ್ಬಿದ ಕಪ್ಪು ನೆಲದ ಒಂದು ವಿಶಾಲವಾದ ಬಯಲುಂಟು. ಅಷ್ಟು ಫಲವತ್ತಾದ ಭೂಮಿ ಇಟಲಿಯಲ್ಲಿ ಮತ್ತೆಲ್ಲಿಯೂ ಇಲ್ಲವೆಂದು ಪ್ರಾಚೀನರು ಹೊಗಳುತ್ತಿದ್ದರು. ಆ ಬಯಲಿನ ನಡುವೆ ಎಟ್ರಸ್ಕನ್ನರು ನೆಲೆಗೊಳಿಸಿದ ಪಟ್ಟಣ ಕಾಪುವ. ಕ್ರಿ.ಪೂ. ಐದನೆಯ ಶತಮಾನದ ಉತ್ತರಾರ್ಧದಲ್ಲಿ ಬೆಟ್ಟಗಾಡಿನಿಂದ ಇಳಿದುಬಂದ ಸಾಮ್ನೈಟ್ ಜನ ಅದನ್ನು ಆಕ್ರಮಿಸಿಕೊಂಡರು. ಅವರ ಓಸ್ಕನ್ ನುಡಿಯೇ ಮುಂದೆ ಊರಿನ ನುಡಿಯಾಯಿತು. ಊರಿನ ಸೆಪ್ಲಾಸಿಯ ಎಂಬ ಬೀದಿಯಲ್ಲಿ ಮಾರುತ್ತಿದ್ದ ಸುಗಂಧದ್ರವ್ಯಗಳು ಹೇಗೋ ಹಾಗೆಯೇ ಅಲ್ಲಿನ ಕಂಚಿನ ಕೆಲಸವೂ ಖ್ಯಾತವಾಗಿತ್ತು. ಮಿತವ್ಯಯಕ್ಕೂ ಕಟ್ಟುನಿಟ್ಟಿಗೂ ಹೆಸರಾದ ಕೇಟೋ ಎಂಬ ರೋಮನ್ ಹಿರಿಯನು ಬೇಸಾಯವನ್ನು ಕುರಿತು ಬರೆದ ತನ್ನ ಗ್ರಂಥದಲ್ಲಿ, ಎಣ್ಣೆಯ ಪಾತ್ರೆ, ನೀರಿನ ಬಿಂದಿಗೆ, ದ್ರಾಕ್ಷಾರಸದ ಕೊಡ, ಈ ಬಗೆಯ ಲೋಹದ ಪಾತ್ರೆಗಳನ್ನು ಕೊಳ್ಳುವುದಾದರೆ ಕಾಪುವದಲ್ಲಿ ಇಲ್ಲವೆ ನೋಲದಲ್ಲಿ ಕೊಳ್ಳಬೇಕೆಂದು ಒಕ್ಕಲಿಗನಿಗೆ ಬುದ್ಧಿ ಹೇಳಿದ್ದಾನೆ. ಕಂಚನ್ನು ಕರಗಿಸುವುದೂ ಎರೆಯುವುದೂ ಬಡಿಯುವುದೂ ಆ ಊರಿನ ಕುಶಲಿಗಳಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಅವರು ನಾಣ್ಯಕ್ಕೆ ಕೈಹಾಕಿದಾಗ ಅನ್ಯರಿಂದ ಕಲಿಯಬೇಕಾದದ್ದು ಹೆಚ್ಚೇನೂ ಇದ್ದಿರಲಾರದು.

ರೋಮಿಗೂ ಕಾಪುವಕ್ಕೂ ಇದ್ದ ಸಂಬಂಧ ಶತ್ರುಗಳ ಸಂಬಂಧವಲ್ಲ, ದಾಯಾದಿಗಳ ಸಂಬಂಧ. ಕ್ರಿ.ಪೂ. 338ರಲ್ಲಿ ರೋಮ್ ಈ ನಗರದವರಿಗೆ ತನ್ನ ಪೌರತ್ವವನ್ನು ದಯಪಾಲಿಸಿತು. ಆದರೆ ಅದು ಮತವಿಲ್ಲದ ಪೌರತ್ವ. ರೋಮಿನ ಯುದ್ಧಗಳಲ್ಲಿ ಹೋರಾಡುವ ಹೊಣೆ ಉಂಟು, ರೋಮಿನ ಸಭೆಯಲ್ಲಿ ಕೈಯೆತ್ತುವ ಹಕ್ಕು ಇಲ್ಲ. ಕ್ರಿ.ಪೂ. 312ರಲ್ಲಿ ಪ್ರಾರಂಭವಾದ ಆಪ್ಪಿಯನ್ ಹೆದ್ದಾರಿ ಮೊಟ್ಟಮೊದಲು ಜೋಡಿಸಿದ್ದು ಈ ಎರಡು ನಗರಗಳನ್ನೇ. ಆ ದಾರಿಯಲ್ಲಿ ಸೈನ್ಯಗಳಂತೆಯೇ ಮದುವೆಯ ದಿಬ್ಬಣಗಳೂ ನಡೆದವು. ಕಾಪುವದ ಪ್ರಮುಖನಾದ ಪಕುವಿಯಸ್ ಕಲಾವಿಯಸನು ರೋಮಿನ ಕ್ಲಾಡಿಯಸ್ ವಂಶದ ಕನ್ಯೆಯನ್ನು ವರಿಸಿದ್ದನು. ತನ್ನ ಮಗಳನ್ನು ರೋಮಿನ ಮನೆತನಕ್ಕೇ ಕೊಟ್ಟಿದ್ದನು. ಊರಿನ ಕುಲೀನ ಮನೆಗಳ 300 ಮಂದಿ ತರುಣ ರಾವುತರು ರೋಮಿನ ಪರವಾಗಿ ಸಿಸಿಲಿಯಲ್ಲಿ ಸೇವೆ ಸಲ್ಲಿಸುತ್ತಿದ್ದರು. ಹೀಗೆ ರಕ್ತದಿಂದಲೂ ರಸ್ತೆಯಿಂದಲೂ ಕಟ್ಟಲ್ಪಟ್ಟಿದ್ದರೂ, ಒಂದು ಕಾಲಕ್ಕೆ ಕಂಪಾನಿಯಕ್ಕೆಲ್ಲ ತಲೆಯಾಗಿದ್ದ ನಗರದ ಮನಸ್ಸಿನಲ್ಲಿ ತಾನು ಎರಡನೆಯದಾಗಿ ಬಾಳಬೇಕಾಯಿತಲ್ಲಾ ಎಂಬ ನೋವು ಒಳಗೊಳಗೇ ಇದ್ದಿತು.

ಕ್ರಿ.ಪೂ. 216ರ ಆಗಸ್ಟ್ 2ರಂದು ಕ್ಯಾನೀ ಎಂಬಲ್ಲಿ ಹ್ಯಾನಿಬಲನು ರೋಮಿನ ಮಹಾಸೈನ್ಯವನ್ನು ಸುತ್ತುವರಿದು ಒಂದೇ ದಿನದಲ್ಲಿ ನಾಶಮಾಡಿದನು. ಕಾಪುವದವರು ಕಳುಹಿಸಿದ ದೂತರು ಅಳಿದುಳಿದ ಪಡೆಯೊಡನಿದ್ದ ಕಾನ್ಸಲ್ ಎಂಬ ಅತ್ಯುನ್ನತ ಅಧಿಕಾರಿಯಾದ ವಾರ್ರೋವನ್ನು ಕಂಡಾಗ, ಆ ಮನುಷ್ಯನು ತನ್ನ ರಾಜ್ಯದ ದುರವಸ್ಥೆಯನ್ನು ಮುಚ್ಚಿಡದೆ ತೋಡಿಕೊಂಡನೆಂದು ಲಿವಿ ಹೇಳುತ್ತಾನೆ. ಹಿಂದಿರುಗುವ ದಾರಿಯಲ್ಲಿ ವಿಬಿಯಸ್ ವಿರ್ರಿಯಸ್ ಎಂಬ ದೂತನು, ರೋಮ್ ಕಸಿದುಕೊಂಡಿದ್ದ ಭೂಮಿಯನ್ನು ಮರಳಿ ಪಡೆಯುವುದಕ್ಕೂ ಇಟಲಿಯ ನಾಯಕತ್ವವನ್ನೇ ಗಳಿಸುವುದಕ್ಕೂ ಇದೇ ಕಾಲವೆಂದು ತನ್ನ ಜೊತೆಯವರಿಗೆ ಹೇಳಿದನಂತೆ. ಒಪ್ಪಂದ ಬೇಗನೆ ಆಯಿತು. ಅದರ ನಿಬಂಧನೆಗಳು ಗಮನಾರ್ಹವಾದವು: ಕಾರ್ಥೇಜಿನ ಯಾವ ಸೇನಾನಿಗೂ ಯಾವ ಅಧಿಕಾರಿಗೂ ಕಾಪುವದ ಪ್ರಜೆಯ ಮೇಲೆ ಅಧಿಕಾರವಿರಕೂಡದು, ಯಾವ ಪ್ರಜೆಯೂ ಇಷ್ಟವಿಲ್ಲದೆ ಯುದ್ಧಕ್ಕೆ ಹೋಗಬೇಕಾಗಿಲ್ಲ, ಕಾಪುವಕ್ಕೆ ಅದರದೇ ಕಾನೂನು, ಅದರದೇ ಅಧಿಕಾರಿಗಳು. ಸಿಸಿಲಿಯಲ್ಲಿರುವ ತಮ್ಮ ರಾವುತರಿಗೆ ಬದಲಾಗಿ ಕೊಡುವುದಕ್ಕೆಂದು 300 ಮಂದಿ ರೋಮನ್ ಸೆರೆಯಾಳುಗಳನ್ನು ಹ್ಯಾನಿಬಲನು ಅವರಿಗೆ ಒಪ್ಪಿಸಬೇಕು.

ಈ ಸ್ವಾತಂತ್ರ್ಯ ಹುಟ್ಟಿದ ಗಳಿಗೆ ನಿಷ್ಕಳಂಕವಾಗಿರಲಿಲ್ಲ. ಊರಿನಲ್ಲಿದ್ದ ರೋಮನ್ನರನ್ನು ರಕ್ಷಣೆಯ ನೆಪದಿಂದ ಸ್ನಾನಗೃಹಗಳಲ್ಲಿ ಕೂಡಿ, ಅಲ್ಲಿಯ ಬೇಗೆಯಲ್ಲಿ ಉಸಿರುಕಟ್ಟಿ ಸಾಯುವಂತೆ ಮಾಡಿದರು. ಈ ಮೈತ್ರಿಯನ್ನು ತುಂಬಿದ ಸಭೆಯಲ್ಲಿ ವಿರೋಧಿಸಿದ ಡೆಕಿಯಸ್ ಮಾಗಿಯಸ್ ಎಂಬ ಧೀರನನ್ನು ಹಿಡಿದು ಹ್ಯಾನಿಬಲನ ಕೈಗೆ ಕೊಟ್ಟರು. ಪ್ರಜೆಯ ಮೇಲೆ ಪರರಿಗೆ ಅಧಿಕಾರವಿಲ್ಲವೆಂಬ ನಿಬಂಧನೆಯ ಮಸಿ ಆರುವ ಮೊದಲೇ ಅದು ಮುರಿದುಬಿತ್ತೆಂದು ಮಾಗಿಯಸನು ಬೀದಿಯಲ್ಲಿ ಕೂಗಿ ಹೇಳುತ್ತ ಹೋದನು. ಅವನನ್ನು ಕಾರ್ಥೇಜಿಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ ಸೈರೀನಿಯ ತೀರವನ್ನು ಸೇರಿತು. ಈಜಿಪ್ಟಿನ ಟಾಲೆಮಿ ರಾಜನು ಅವನನ್ನು ಬಂಧನದಿಂದ ಬಿಡಿಸಿ ಆಶ್ರಯವಿತ್ತನು. ಊರಿನ ಅಂತಃಸಾಕ್ಷಿಯೇ ಅವನ ರೂಪದಲ್ಲಿ ಊರು ಬಿಟ್ಟುಹೋದಂತಾಯಿತು.

ಅದುವರೆಗೆ ಹೆಚ್ಚಾಗಿ ರೋಮಿನ ನಾಣ್ಯಗಳಿಂದ ವ್ಯವಹಾರ ನಡೆಸುತ್ತಿದ್ದ ಕಾಪುವ ಈಗ ತನ್ನ ಟಂಕಸಾಲೆಯನ್ನು ತೆರೆಯಿತು. ಯುದ್ಧಕಾಲದಲ್ಲಿ ಚಿಲ್ಲರೆಯ ಅಗತ್ಯ ಹೆಚ್ಚು: ಸೈನಿಕನ ಸಂಬಳ, ಕಾವಲಿನವನ ದಿನಗೂಲಿ, ಗೋಡೆ ದುರಸ್ತಿಮಾಡುವವನ ಕೂಲಿ, ಸಂತೆಯ ಧಾನ್ಯ, ಇವೆಲ್ಲವೂ ಕಂಚಿನ ಲೆಕ್ಕದಲ್ಲಿಯೇ ನಡೆಯಬೇಕು. ಬೆಳ್ಳಿಬಂಗಾರಗಳು ಭಯದ ಕಾಲದಲ್ಲಿ ನೆಲದ ಕೆಳಗೆ ಅಡಗುತ್ತವೆ. ಕಂಚು ಮಾತ್ರ ಕೈಯಿಂದ ಕೈಗೆ ಓಡಾಡುತ್ತದೆ. ಆದರೆ ನಾಣ್ಯವನ್ನು ಅಚ್ಚೊತ್ತಿದ್ದಕ್ಕೆ ಅಗತ್ಯವೊಂದೇ ಕಾರಣವೆಂದು ನಾನು ನಂಬಲಾರೆ. ತನ್ನದೇ ಕಾನೂನು, ತನ್ನದೇ ಅಧಿಕಾರಿಗಳು ಎಂದು ಬರೆಯಿಸಿಕೊಂಡ ಊರು ತನ್ನದೇ ಹಣವನ್ನೂ ಬಯಸಿತು. ಕುಶಲಿಯು ಎರೆದು ತೂಗಿಟ್ಟ ಕಂಚಿನ ಬಿಲ್ಲೆಯನ್ನು ಕಾಯಿಸಿ, ಕೆತ್ತಿದ ಎರಡು ಅಚ್ಚುಗಳ ನಡುವೆ ಇರಿಸಿ, ಮೇಲಿನಿಂದ ಸುತ್ತಿಗೆಯ ಏಟು ಕೊಟ್ಟಾಗ, ಆ ಏಟಿನಲ್ಲಿ ಒಂದು ದೇವರ ಮುಖವೂ ಒಂದು ಊರಿನ ಹೆಸರೂ ಒಡನೆಯೇ ಹುಟ್ಟುತ್ತಿದ್ದವು. ನೆರೆಯ ಸಣ್ಣ ಪಟ್ಟಣಗಳಾದ ಅಟೆಲ್ಲವೂ ಕಲಾಟಿಯವೂ ಕಾಪುವದೊಡನೆ ರೋಮನ್ನು ತೊರೆದವು. ಅವೂ ತಮ್ಮ ತಮ್ಮ ಹೆಸರುಗಳನ್ನು ಅದೇ ಓಸ್ಕನ್ ಲಿಪಿಯಲ್ಲಿ ಕಂಚಿನ ಮೇಲೆ ಒತ್ತಿದವು.

ಕಾಪುವದ ಅಚ್ಚುಗಳ ವೈವಿಧ್ಯ ಅಚ್ಚರಿಯನ್ನು ತರತಕ್ಕುದು. ಒಂದರ ಮುಂಬದಿಯಲ್ಲಿ ಜುಪಿಟರ್ ದೇವನ ಶಿರಸ್ಸು, ಹಿಂಬದಿಯಲ್ಲಿ ವಜ್ರಾಯುಧದ ಮೇಲೆ ಕಾಲೂರಿದ ಹದ್ದು. ಇನ್ನೊಂದರಲ್ಲಿ ಜೂನೋ ದೇವಿಯ ಶಿರಸ್ಸು, ಅದರ ಬೆನ್ನಿಗೆ ಮುಸುಕು ಹೊದ್ದು ನೆಟ್ಟಗೆ ನಿಂತ ಎರಡು ಪುರಾತನ ಪೂಜಾಮೂರ್ತಿಗಳು. ಇವು ಯಾವುದೋ ಗುಡಿಯ ಗರ್ಭಗೃಹದಲ್ಲಿದ್ದ ಮೂರ್ತಿಗಳೇ ಆಗಿರಬೇಕು. ತಾಯಂದಿರ ಭಕ್ತಿಗೆ ಆ ಊರು ಹೆಸರಾದದ್ದು. ಹರಕೆ ಹೊತ್ತ ಸ್ತ್ರೀಯರು ಒಪ್ಪಿಸಿದ, ಬಟ್ಟೆಯಲ್ಲಿ ಸುತ್ತಿದ ಎಳೆಯ ಕೂಸುಗಳನ್ನು ಮಡಿಲಲ್ಲಿ ಸಾಲುಸಾಲಾಗಿ ಇಟ್ಟುಕೊಂಡು ಕುಳಿತ ಕಲ್ಲಿನ ತಾಯಂದಿರ ವಿಗ್ರಹಗಳು ಅಲ್ಲಿಯ ನೆಲದಿಂದ ಬಂದು ಇಂದು ಕಂಪಾನಿಯ ವಸ್ತುಸಂಗ್ರಹಾಲಯದಲ್ಲಿ ನೆಲೆಗೊಂಡಿವೆ. ಮತ್ತೊಂದು ನಾಣ್ಯದಲ್ಲಿ ಹರ್ಕ್ಯುಲೀಸನ ಶಿರಸ್ಸು. ಹಿಂಬದಿಯಲ್ಲಿ ಅವನ ಮಗನಾದ ಟೆಲೆಫಸ್ ಎಂಬ ಶಿಶುವಿಗೆ ಹೆಣ್ಣುಜಿಂಕೆಯೊಂದು ಮೊಲೆಯೂಡಿಸುತ್ತಿರುವ ದೃಶ್ಯ. ರೋಮ್ ತನ್ನ ಶೈಶವಕ್ಕೆ ತೋಳನ ಹಾಲನ್ನು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ ಕಾಪುವ ಜಿಂಕೆಯ ಹಾಲನ್ನು ತೋರಿಸಿತು. ಊರಿನ ಮೇಲೆದ್ದ ಟಿಫಾಟ ಬೆಟ್ಟದಲ್ಲಿ ಬೇಟೆಯ ದೇವತೆಯಾದ ಡಯಾನಾಳ ಪ್ರಸಿದ್ಧ ದೇವಾಲಯವಿದ್ದಿತು. ಸಿಲಿಯಸ್ ಇಟಾಲಿಕಸ್ ಎಂಬ ಕವಿ ತನ್ನ ಮಹಾಕಾವ್ಯದಲ್ಲಿ, ಕಾಪುವದ ಸ್ಥಾಪಕನ ಕಾಲದಿಂದ ಅಲ್ಲಿ ಬಾಳಿಬಂದ ಬಿಳಿಯ ಜಿಂಕೆಯೊಂದರ ಕಥೆಯನ್ನು ಹೇಳುತ್ತಾನೆ. ಹೀಗೆ ಪರಪ್ರಾಂತದ ಪುರಾಣವಾದ ಟೆಲೆಫಸನ ಕಥೆ ತನ್ನ ಬೆಟ್ಟದ ಜಿಂಕೆಯ ಮೂಲಕ ಊರಿನದೇ ಆಗಿಹೋದದ್ದನ್ನು ಊಹಿಸಿಕೊಳ್ಳಬಹುದು.

ಆದರೆ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಮೊದಲು ಹೇಳಿದ ಪ್ರತಿಜ್ಞೆಯ ಅಚ್ಚು. ಇಟಲಿಯ ಜನ ಒಪ್ಪಂದವನ್ನು ಮಾಡಿಕೊಳ್ಳುವಾಗ ಹಂದಿಯನ್ನು ಬಲಿಕೊಡುತ್ತಿದ್ದರು. ಪುರೋಹಿತನು ಚಕಮಕಿ ಕಲ್ಲಿನಿಂದ ಆ ಪ್ರಾಣಿಯನ್ನು ಹೊಡೆಯುವ ಮುನ್ನ ಜುಪಿಟರ್ ದೇವನನ್ನು ಕರೆದು, ಈ ಮಾತಿಗೆ ನಾವು ಬುದ್ಧಿಪೂರ್ವಕವಾಗಿ ತಪ್ಪಿದೆವಾದರೆ ನಾನು ಈ ಹಂದಿಯನ್ನು ಹೊಡೆದಂತೆ ನೀನು ನಮ್ಮ ಜನವನ್ನು ಹೊಡೆ, ನಿನ್ನ ಬಲ ನನ್ನದಕ್ಕಿಂತ ಹೆಚ್ಚಾದಷ್ಟೂ ಏಟು ಹೆಚ್ಚಾಗಲಿ ಎಂಬ ಅರ್ಥದ ಶಾಪೋಕ್ತಿಯನ್ನು ಉಚ್ಚರಿಸುತ್ತಿದ್ದನು. ಹೀಗಿರುವಲ್ಲಿ ನಾಣ್ಯದ ಒಂದು ಮುಖದಲ್ಲಿ ಜುಪಿಟರ್, ಇನ್ನೊಂದರಲ್ಲಿ ಹಂದಿ ಎಂದರೆ, ಸಾಕ್ಷಿಯೂ ಪ್ರತಿಜ್ಞೆಯೂ ಒಂದೇ ಕಂಚಿನ ಎರಡು ಬದಿಗಳಾದವು. ಕಾಪುವ ಹ್ಯಾನಿಬಲನಿಗೆ ಕೊಟ್ಟ ಮಾತನ್ನು ಸಂತೆಗೆ ಬಂದ ಪ್ರತಿಯೊಬ್ಬನ ಅಂಗೈಯಲ್ಲಿಯೂ ಇಟ್ಟಿತು. ಅಟೆಲ್ಲದ ನಾಣ್ಯದ ಮೇಲೂ ಇದೇ ದೃಶ್ಯವುಂಟು.

ಆಶ್ಚರ್ಯವೇನೆಂದರೆ ಈ ಅಚ್ಚನ್ನು ಕಾಪುವ ಕಲ್ಪಿಸಿಕೊಳ್ಳಲಿಲ್ಲ. ಹ್ಯಾನಿಬಲನೊಡನೆ ಯುದ್ಧ ಮಾಡುತ್ತಿದ್ದ ಅದೇ ಕಾಲದ ಆಸುಪಾಸಿನಲ್ಲಿ ರೋಮ್ ಹೊರಡಿಸಿದ ಚಿನ್ನದ ನಾಣ್ಯದ ಮೇಲೆಯೂ ಇದೇ ಚಿತ್ರ: ಇಬ್ಬರು ಯೋಧರು, ಅವರ ನಡುವೆ ಮಂಡಿಯೂರಿ ಹಂದಿಯನ್ನು ಹಿಡಿದ ಮೂರನೆಯವನು, ಕೆಳಗೆ ‘ರೋಮಾ’ ಎಂಬ ಹೆಸರು. ಮಿತ್ರರೇ, ಕೊಟ್ಟ ಮಾತನ್ನು ನೆನೆಯಿರಿ ಎಂದು ರೋಮ್ ಇಟಲಿಯ ಜನಕ್ಕೆ ಚಿನ್ನದಲ್ಲಿ ಹೇಳಿತು. ಕಾಪುವ ಅದೇ ಚಿತ್ರವನ್ನು ಕಂಚಿನಲ್ಲಿ ಒತ್ತಿ, ನಾವು ಮಾತು ಕೊಟ್ಟಿರುವುದು ಈಗ ಇನ್ನೊಬ್ಬರಿಗೆ ಎಂದು ಉತ್ತರ ಕೊಟ್ಟಿತು. ಪ್ರತಿಜ್ಞೆಯ ರೂಪ ಒಂದೇ, ಹಂದಿಯೂ ಒಂದೇ. ಮುಖ್ಯವಾಗಿ ಬೇರೆಯಾದದ್ದು ಕೆಳಗಿನ ಹೆಸರು. ಇಷ್ಟು ಹತ್ತಿರದವರು ದೂರವಾದದ್ದರಿಂದಲೇ ರೋಮಿನ ಕೋಪ ಮುಂದೆ ಅಷ್ಟು ಘೋರವಾಯಿತು.

ಬೆಲೆಯನ್ನು ಗುರುತಿಸುವ ರೀತಿಯಲ್ಲಿಯೂ ಈ ದಾಯಾದಿತನವನ್ನು ಕಾಣಬಹುದು. ರೋಮಿನ ಕಂಚಿನ ಮೂಲನಾಣ್ಯಕ್ಕೆ ‘ಆಸ್’ ಎಂದು ಹೆಸರು. ಅದರ ಹನ್ನೆರಡನೆಯ ಒಂದು ಭಾಗ ‘ಉನ್ಕಿಯ’. ನಾವು ಇಂದು ಔನ್ಸ್ ಎನ್ನುವ ಮಾತು ಹುಟ್ಟಿದ್ದು ಅದರಿಂದಲೇ. ಒಂದು ಉನ್ಕಿಯಕ್ಕೆ ಒಂದು ಚುಕ್ಕೆ, ಎರಡಕ್ಕೆ ಎರಡು, ಮೂರಕ್ಕೆ ಮೂರು, ಹೀಗೆ ಅಕ್ಷರ ಬಾರದವನೂ ಬೆರಳಿನಿಂದ ತಡವಿ ತಿಳಿಯುವಂತೆ ನಾಣ್ಯದ ಮೇಲೆ ಉಬ್ಬಿದ ಚುಕ್ಕೆಗಳನ್ನು ಒತ್ತುತ್ತಿದ್ದರು. ಕಾಪುವದ ನಾಣ್ಯಗಳಲ್ಲಿಯೂ ಅವೇ ಚುಕ್ಕೆಗಳು. ರೋಮಿನ ಆಳ್ವಿಕೆಯನ್ನು ತೊರೆದರೂ ರೋಮಿನ ಲೆಕ್ಕವನ್ನು ತೊರೆಯಲಾಗಲಿಲ್ಲ. ರೈತನೂ ವರ್ತಕನೂ ತಲೆಮಾರುಗಳಿಂದ ಎಣಿಸುತ್ತ ಬಂದ ಎಣಿಕೆಯನ್ನು ಯಾವ ಕ್ರಾಂತಿಯೂ ಒಂದು ದಿನದಲ್ಲಿ ಬದಲಿಸಲಾರದು.

ಇನ್ನು ಆ ಎಣಿಕೆಯ ಮೂಲವಾದ ಆಸ್ ನಾಣ್ಯಕ್ಕೇ ಅದೇ ವರ್ಷಗಳಲ್ಲಿ ಒದಗಿದ ಗತಿಯನ್ನು ನೋಡಬೇಕು. ಯುದ್ಧ ಪ್ರಾರಂಭವಾಗುವುದಕ್ಕೆ ಕೆಲವು ವರ್ಷ ಮುಂಚೆ, ಒಂದು ಮುಖದಲ್ಲಿ ಎರಡು ಮುಖದ ಜೇನಸ್ ದೇವನನ್ನೂ ಇನ್ನೊಂದರಲ್ಲಿ ಹಡಗಿನ ಮೂತಿಯನ್ನೂ ಹೊತ್ತ ಆಸ್ ಸುಮಾರು 270 ಗ್ರಾಂ ತೂಗುತ್ತಿತ್ತು. ಅದು ಅಂಗೈ ತುಂಬುವ, ಸುತ್ತಿಗೆಗೆ ಮಣಿಯದೆ ಅಚ್ಚಿನಲ್ಲಿ ಎರೆಯಲೇಬೇಕಾಗಿದ್ದ ಗಟ್ಟಿ ಬಿಲ್ಲೆ. ಕ್ರಿ.ಪೂ. 217ರ ಸುಮಾರಿಗೆ ತೂಕ ಅರ್ಧಕ್ಕೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಕುಸಿದು, ಕ್ರಿ.ಪೂ. 211ರ ಹೊತ್ತಿಗೆ ಅದೇ ಜೇನಸ್, ಅದೇ ಹಡಗು, ಅದೇ ಹೆಸರು ಎರಡು ಔನ್ಸಿನ, ಎಂದರೆ ಸುಮಾರು 54 ಗ್ರಾಮಿನ ಬಿಲ್ಲೆಯ ಮೇಲೆ ಉಳಿದವು. ಕಂಚೇನು ಕಡಿಮೆ ಬೆಲೆಯ ಲೋಹವಲ್ಲ. ಅದು ಕತ್ತಿಯ ಹಿಡಿಯಾಗಬೇಕು, ಶಿರಸ್ತ್ರಾಣವಾಗಬೇಕು, ಹಡಗಿನ ಕೊಂಬಾಗಬೇಕು. ಸೈನ್ಯಗಳನ್ನು ಒಂದರ ಮೇಲೊಂದರಂತೆ ಕಟ್ಟುತ್ತ ಹೋದ ರೋಮ್, ಒಂದು ನಾಣ್ಯದ ಲೋಹದಲ್ಲಿ ಎರಡು, ಬಳಿಕ ನಾಲ್ಕು, ಬಳಿಕ ಐದು ನಾಣ್ಯಗಳನ್ನು ಮಾಡಿ ಸಾಲವನ್ನೂ ಸಂಬಳವನ್ನೂ ತೀರಿಸಬೇಕಾಯಿತು. ಕಾಪುವದ ಕಂಚೂ ಈ ಇಳಿದ ತೂಕಗಳ ಲೋಕದಲ್ಲಿಯೇ ಹುಟ್ಟಿದ್ದು.

ಲೋಹ ಕರಗಿದರೂ ರೋಮಿನ ಹಣಕ್ಕೆ ಬೆಲೆ ಉಳಿದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಟಂಕಸಾಲೆಯ ಹೊರಗೆ ಇದೆ. ಕ್ರಿ.ಪೂ. 216ರಲ್ಲಿ ಹಣದ ಅಭಾವವನ್ನು ನಿಭಾಯಿಸಲು ಮೂವರು ಗಣ್ಯರ ಸಮಿತಿಯೊಂದು ನಿಯಮಿತವಾಯಿತು. ಮರುವರ್ಷ ಯುದ್ಧತೆರಿಗೆಯನ್ನು ಇಮ್ಮಡಿಸಿದರು. ಸ್ಪೇನಿನಲ್ಲಿದ್ದ ಸೈನ್ಯಕ್ಕೆ ಕಳುಹಿಸಲು ಬೊಕ್ಕಸದಲ್ಲಿ ಹಣವಿಲ್ಲವೆಂದಾಗ, ಬಟ್ಟೆಯನ್ನೂ ಧಾನ್ಯವನ್ನೂ ಸಾಲವಾಗಿ ಒದಗಿಸಲು ಗುತ್ತಿಗೆದಾರರ ಮೂರು ಕೂಟಗಳು ಮುಂದೆ ಬಂದವು. ಕ್ರಿ.ಪೂ. 210ರಲ್ಲಿ ಕಾನ್ಸಲ್ ಲೀವಿನಸನ ಸಲಹೆಯಂತೆ ಸೆನೆಟಿನ ಸದಸ್ಯರು ತಮ್ಮ ಮನೆಯ ಬಂಗಾರ, ಬೆಳ್ಳಿ, ಕಂಚುಗಳನ್ನು ತಂದು ಬೊಕ್ಕಸಕ್ಕೆ ಸುರಿದರು. ಪ್ರತಿ ಮನೆಯಲ್ಲಿ ಉಳಿಸಿಕೊಳ್ಳಬಹುದೆಂದು ಗೊತ್ತುಮಾಡಿದ್ದರಲ್ಲಿ ಉಂಗುರಗಳೂ ಒಂದಿಷ್ಟು ಬೆಳ್ಳಿಯೂ 5000 ಕಂಚಿನ ಆಸ್‌ಗಳೂ ಮಾತ್ರ ಇದ್ದವು. ಹೆಸರು ಬರೆಸುವುದಕ್ಕೆ ಮೊದಲಿಗರಾಗಬೇಕೆಂದು ಅವರು ಎಷ್ಟು ನೂಕುನುಗ್ಗಲಾದರೆಂದರೆ, ಕರಣಿಕರಿಗೆ ಬರೆದುಕೊಳ್ಳಲು ಕೈ ಸಾಲಲಿಲ್ಲ. ಇದನ್ನು ಹೇಳುವ ಲಿವಿಯ ಮಾತಿನಲ್ಲಿ ಸ್ವದೇಶಾಭಿಮಾನದ ಉತ್ಪ್ರೇಕ್ಷೆ ಇದ್ದೀತು. ಆದರೂ ಒಂದು ಮಾತು ನಿಜ: ನಾಣ್ಯದಲ್ಲಿ ಲೋಹ ಕಡಿಮೆಯಾದಷ್ಟೂ ಅದರಲ್ಲಿ ಜನರ ನಂಬಿಕೆ ಹೆಚ್ಚಾಗಬೇಕು, ಆ ನಂಬಿಕೆಯನ್ನು ರೋಮಿನ ಮಿತ್ರರೂ ಸಾಲಿಗರೂ ಅದಕ್ಕೆ ಕೊಟ್ಟರು.

ಕಾಪುವಕ್ಕೆ ಅಂಥ ನಂಬಿಕೆ ಹೊರಗಿನಿಂದ ಬರಲಿಲ್ಲ. ನೇಪಲ್ಸ್, ಕ್ಯೂಮೆ, ನೋಲ ಈ ನೆರೆಯ ನಗರಗಳು ರೋಮಿನ ಕೈಬಿಡಲಿಲ್ಲ. ಕ್ರಿ.ಪೂ. 215ರಲ್ಲಿ ಹಾಮೆ ಎಂಬಲ್ಲಿ ಹಬ್ಬದ ನೆಪದಿಂದ ಕ್ಯೂಮೆಯವರನ್ನು ಬಲೆಗೆ ಹಾಕಲು ಹೊರಟ ಕಾಪುವದ ಪಡೆ ತಾನೇ ಬಲೆಗೆ ಬಿದ್ದಿತು. ಆ ರಾತ್ರಿ ನಗರದ ಅತ್ಯುನ್ನತ ಅಧಿಕಾರಿಯಾದ ಮೇರಿಯಸ್ ಆಲ್ಫಿಯಸನೂ ಎರಡು ಸಾವಿರಕ್ಕೂ ಮೀರಿ ಜನರೂ ಹತರಾದರು. ಸಿಸಿಲಿಯಲ್ಲಿದ್ದ 300 ರಾವುತರು ಊರಿಗೆ ಮರಳಲಿಲ್ಲ. ರೋಮಿಗೇ ಬಂದರು, ಅವರನ್ನು ರೋಮ್ ತನ್ನ ಪೂರ್ಣ ಪೌರರನ್ನಾಗಿ ಮಾಡಿಕೊಂಡಿತು. ಕಾಪುವದ ಭೋಗಗಳು ಹ್ಯಾನಿಬಲನ ಸೈನಿಕರನ್ನು ಒಂದೇ ಚಳಿಗಾಲದಲ್ಲಿ ಮೆತ್ತಗೆ ಮಾಡಿದವೆಂಬ ಮಾತು ಲಿವಿಯಿಂದ ಹರಡಿ ಗಾದೆಯಂತೆ ಉಳಿದಿದೆ. ಆದರೆ ಆ ಸೈನ್ಯ ಅಲ್ಲಿಂದಾಚೆಗೆ ಇಟಲಿಯಲ್ಲಿ ಹದಿಮೂರು ವರ್ಷ ಸೋಲದೆ ನಿಂತಿತು. ಸೋತದ್ದು ಕಾಪುವದ ಹೊಲ. ಬಯಲಿನಲ್ಲಿ ರೋಮನ್ ಪಡೆಗಳು ಬಿತ್ತನೆಗೆ ಎಡೆಗೊಡಲಿಲ್ಲ. ಕ್ರಿ.ಪೂ. 212ರಲ್ಲಿ ಇಟಲಿಯ ಕಣಜವೆನಿಸಿದ್ದ ಊರು ಹಸಿವಿನಿಂದ ಹ್ಯಾನಿಬಲನಿಗೆ ಮೊರೆಯಿಟ್ಟಿತು. ಸೇನಾನಿ ಹ್ಯಾನೋ ಬೆನೆವೆಂಟಮ್ ಬಳಿ ಧಾನ್ಯವನ್ನು ರಾಶಿಹಾಕಿ ಗಾಡಿಗಳನ್ನು ಕಳುಹಿಸಿರೆಂದರೆ, ಕಾಪುವ ಕಳುಹಿಸಿದ್ದು ನಾನೂರಕ್ಕೆ ಸ್ವಲ್ಪ ಹೆಚ್ಚು ಗಾಡಿಗಳನ್ನು. ಮೂಕಪ್ರಾಣಿಗಳನ್ನೂ ಎಬ್ಬಿಸುವ ಹಸಿವು ಇವರನ್ನು ಎಬ್ಬಿಸದೆ ಹೋಯಿತಲ್ಲ ಎಂದು ಹ್ಯಾನೋ ಗದರಿಸಿದನಂತೆ. ಮತ್ತೊಮ್ಮೆ ಗಾಡಿಗಳು ಸೇರುವಷ್ಟರಲ್ಲಿ ರೋಮನ್ನರು ಆ ಶಿಬಿರವನ್ನೇ ಹಿಡಿದರು.

ಅದೇ ವರ್ಷ ಫುಲ್ವಿಯಸ್ ಫ್ಲಾಕಸ್, ಆಪ್ಪಿಯಸ್ ಕ್ಲಾಡಿಯಸ್ ಎಂಬ ಕಾನ್ಸಲರು ಕಾಪುವವನ್ನು ಸುತ್ತುಗಟ್ಟಿ ಕಂದಕವನ್ನೂ ಒಡ್ಡನ್ನೂ ತೋಡಿಸಿದರು. ಕ್ರಿ.ಪೂ. 211ರಲ್ಲಿ ಹ್ಯಾನಿಬಲನು ಟಿಫಾಟ ಬೆಟ್ಟದ ಮರೆಯಿಂದ ಇಳಿದು 33 ಆನೆಗಳೊಡನೆ ಆ ಒಡ್ಡಿನ ಮೇಲೆ ಬಿದ್ದರೂ ಅದನ್ನು ಭೇದಿಸಲಾಗಲಿಲ್ಲ. ಮುತ್ತಿಗೆಯನ್ನು ಬಿಡಿಸುವುದಕ್ಕಾಗಿ ಅವನು ರೋಮಿನ ಮೇಲೆಯೇ ನಡೆದು, ಅದರ ಗೋಡೆಗೆ ಮೂರು ಮೈಲಿಯ ದೂರದಲ್ಲಿ ಶಿಬಿರ ಹೂಡಿದನು. ಅವನು ಶಿಬಿರ ಹೂಡಿದ ಆ ಹೊಲವೇ ಆ ದಿನಗಳಲ್ಲಿ ರೋಮಿನ ಒಳಗೆ ಮಾರಾಟಕ್ಕೆ ಬಂದು, ಬೆಲೆಯಲ್ಲಿ ಏನೂ ಇಳಿಯದೆ ವಿಕ್ರಯವಾಯಿತೆಂದು ಲಿವಿ ಬರೆಯುತ್ತಾನೆ. ಶತ್ರು ಕಾಲೂರಿದ ನೆಲಕ್ಕೂ ಪೂರ್ಣ ಬೆಲೆಯನ್ನು ಕೊಡುವ ಊರಿನಲ್ಲಿ ತೂಕ ಇಳಿದ ಕಂಚಿಗೂ ಪೂರ್ಣ ಬೆಲೆ ಸಿಕ್ಕದಿರುವುದೆಂತು? ಮುತ್ತಿಗೆಯ ಪಡೆಯ ಒಂದು ಭಾಗ ಮಾತ್ರ ರೋಮಿನತ್ತ ನಡೆಯಿತು. ಕಾಪುವದ ಸುತ್ತಣ ಬಿಗಿ ಸಡಿಲಲಿಲ್ಲ. ಹ್ಯಾನಿಬಲನು ದಕ್ಷಿಣಕ್ಕೆ ತಿರುಗಿ ಹೊರಟುಹೋದನು; ಕಾಪುವದ ಕಡೆಗೆ ಮತ್ತೆ ಬರಲಿಲ್ಲ.

ನಗರದೊಳಗೆ ಆ ವರ್ಷ ಅಧಿಕಾರದಲ್ಲಿದ್ದವನು ಸೆಪ್ಪಿಯಸ್ ಲೀಸಿಯಸ್, ಬಡಮನೆಯ ಮನುಷ್ಯ. ಅವನು ಮಗುವಾಗಿದ್ದಾಗ ಮನೆಯಲ್ಲಿ ಕಂಡ ಅಪಶಕುನಕ್ಕೆ ತಾಯಿ ಶಾಂತಿ ಮಾಡಿಸುತ್ತಿರಲು, ಕಾಪುವದ ಪರಮಾಧಿಕಾರ ಈ ಹುಡುಗನಿಗೆ ಬರುವುದೆಂದು ಶಕುನಿಗ ಹೇಳಿದನು. ನನ್ನ ಮಗನಿಗೆ ಆ ಪದವಿ ಬರಬೇಕಾದರೆ ಕಾಪುವ ಕೆಟ್ಟೇ ಹೋಗಿರಬೇಕು ಎಂದು ಆಕೆ ಉತ್ತರಕೊಟ್ಟಳು. ಕುಲೀನರು ಸಭೆಗೆ ಬಾರದೆ ಮನೆಗಳ ಕದವಿಕ್ಕಿಕೊಂಡಿದ್ದ ಆ ದಿನಗಳಲ್ಲಿ ಆಕೆಯ ಮಾತು ನಿಜವಾಯಿತು. ಶರಣಾಗತಿಯ ನಿರ್ಣಯವಾದ ರಾತ್ರಿ ವಿಬಿಯಸ್ ವಿರ್ರಿಯಸನು ತನ್ನ ಮನೆಯಲ್ಲಿ ಔತಣವನ್ನು ಏರ್ಪಡಿಸಿದನು. 27 ಮಂದಿ ಸಭಾಸದರು ಅವನೊಡನೆ ಉಂಡು, ಕುಡಿದು, ಕೊನೆಯಲ್ಲಿ ವಿಷವನ್ನೂ ಕುಡಿದು, ಒಬ್ಬರನ್ನೊಬ್ಬರು ಅಪ್ಪಿಕೊಂಡು ಬೀಳ್ಕೊಂಡರು. ಶತ್ರುವಿಗೆ ಬಾಗಿಲು ತೆರೆಯುವುದಕ್ಕೆ ಮುಂಚೆ ಅವರೆಲ್ಲರ ಪ್ರಾಣ ಹೋಗಿತ್ತು. ಮರುದಿನ ತೆರೆದ ಆ ಬಾಗಿಲು ರೋಮನ್ ಶಿಬಿರಕ್ಕೆ ಎದುರಾಗಿದ್ದುದು. ಅದರ ಹೆಸರು ಜುಪಿಟರ್ ದೇವನ ದ್ವಾರ. ಐದು ವರ್ಷ ಕಂಚಿನ ಮೇಲೆ ಸಾಕ್ಷಿಯಾಗಿ ನಿಂತ ದೇವನ ಬಾಗಿಲಿನಿಂದಲೇ ಶತ್ರುವಿನ ದಂಡು ಒಳಗೆ ಬಂದಿತು.

ಶಿಕ್ಷೆ ಕಠೋರವಾಯಿತು. ಉಳಿದ ಸಭಾಸದರನ್ನು ಸಂಕೋಲೆ ತೊಡಿಸಿ, 25 ಮಂದಿಯನ್ನು ಕಾಲೆಸ್ ಪಟ್ಟಣಕ್ಕೂ 28 ಮಂದಿಯನ್ನು ಟೀಯಾನಮ್ ಪಟ್ಟಣಕ್ಕೂ ಕಳುಹಿಸಿದರು; ಫುಲ್ವಿಯಸನು ಎರಡು ಕಡೆಯೂ ಅವರನ್ನು ಕೊಲ್ಲಿಸಿದನು. ಕಾಲೆಸ್ಸಿನಲ್ಲಿ ಅವನ ಕೈಗೆ ಸೆನೆಟಿನ ಪತ್ರ ಬಂದಿತು. ಅದರಲ್ಲಿ ಕ್ಷಮೆಯ ಮಾತಿರಬಹುದೆಂದು ಶಂಕಿಸಿ, ಒಡೆಯದೆ ಮಡಿಲಲ್ಲಿಟ್ಟುಕೊಂಡು, ಕೊಡಲಿಯ ಕೆಲಸ ಮುಗಿದ ಮೇಲೆ ಓದಿದನೆಂದು ಹೇಳುತ್ತಾರೆ. ಊರಿನ ಸೆನೆಟ್ ಹೋಯಿತು, ಅಧಿಕಾರಿಗಳು ಹೋದರು, ಜನಸಭೆ ಹೋಯಿತು. ಭೂಮಿಯೆಲ್ಲ ರೋಮಿನ ಸ್ವತ್ತಾಯಿತು. ಮನೆಗಳನ್ನು ಮಾತ್ರ ಉಳುವವರ ನೆಲೆಗಾಗಿ ಉಳಿಸಿ, ನ್ಯಾಯ ಹೇಳುವುದಕ್ಕೆ ರೋಮಿನಿಂದ ವರ್ಷಕ್ಕೊಬ್ಬನಂತೆ ಅಧಿಕಾರಿಯನ್ನು ಕಳುಹಿಸಲು ಗೊತ್ತುಮಾಡಿದರು. ಇಷ್ಟೆಲ್ಲ ನಿರ್ದಯೆಯ ನಡುವೆ ಸೆನೆಟ್ ಇಬ್ಬರು ಹೆಂಗಸರಿಗೆ ಮಾತ್ರ ಸ್ವತ್ತನ್ನೂ ಸ್ವಾತಂತ್ರ್ಯವನ್ನೂ ಹಿಂದಿರುಗಿಸಿತು: ರೋಮಿನ ಜಯಕ್ಕಾಗಿ ಪ್ರತಿದಿನ ಬಲಿ ಸಲ್ಲಿಸುತ್ತಿದ್ದ ವೆಸ್ಟಿಯ ಓಪ್ಪಿಯ, ಹಸಿದ ಸೆರೆಯಾಳುಗಳಿಗೆ ಗುಟ್ಟಾಗಿ ಅನ್ನವಿಡುತ್ತಿದ್ದ, ಹಿಂದೆ ವೇಶ್ಯೆಯಾಗಿದ್ದ ಕ್ಲೂವಿಯ ಪಾಕುಲ.

ಬಿದ್ದ ನಗರದಿಂದ ಸೆಳೆದ ಸಂಪತ್ತನ್ನು ಲಿವಿ ಲೆಕ್ಕವಿಟ್ಟು ಹೇಳುತ್ತಾನೆ: ಬಂಗಾರ 2,070 ಪೌಂಡು, ಬೆಳ್ಳಿ 31,200 ಪೌಂಡು. ಕಂಚಿನ ಮಾತನ್ನೇ ಅವನು ಎತ್ತುವುದಿಲ್ಲ. ಬೊಕ್ಕಸದವರಿಗೆ ಅದು ಬೇಕಾಗಿರಲಿಲ್ಲವೇನೋ. ಅದೇ ಸುಮಾರಿನಲ್ಲಿ ರೋಮ್ ಹತ್ತು ಆಸ್‌ಗಳ ಬೆಲೆಯ, ಹತ್ತರ ಗುರುತನ್ನು ಹೊತ್ತ ದಿನಾರಿಯಸ್ ಎಂಬ ಹೊಸ ಬೆಳ್ಳಿನಾಣ್ಯವನ್ನು ಹೊರಡಿಸಿತು. ಮುಂದೆ ನಾನೂರು ವರ್ಷಗಳಿಗೂ ಮೀರಿ ಪಶ್ಚಿಮದ ಲೋಕ ಅದನ್ನು ಎಣಿಸಿತು. ಕಾಪುವದ ಟಂಕಸಾಲೆಯ ಸುತ್ತಿಗೆ ಮಾತ್ರ ಮತ್ತೆ ಮೇಲೇಳಲಿಲ್ಲ. ಕ್ರಿ.ಪೂ. 59ರಲ್ಲಿ ಸೀಸರನು ಅಲ್ಲಿ ವಸಾಹತನ್ನು ಸ್ಥಾಪಿಸುವವರೆಗೆ ಆ ಊರು ಊರೆಂಬ ಹೆಸರಿಲ್ಲದೆ ಬಾಳಿತು. ಅದಕ್ಕೆ ಸ್ವಲ್ಪ ಮುಂಚೆ ರೋಮನ್ ವಾಗ್ಮಿ ಸಿಸೆರೋ, ಸಾಮ್ರಾಜ್ಯದ ಭಾರವನ್ನೂ ಹೆಸರನ್ನೂ ಹೊರಬಲ್ಲ ನಗರಗಳು ಲೋಕದಲ್ಲಿ ಮೂರೇ ಎಂದು ಪೂರ್ವಿಕರು ತಿಳಿದಿದ್ದರೆಂದನು: ಕಾರ್ಥೇಜ್, ಕೊರಿಂತ್, ಕಾಪುವ.

ಆದರೆ ಆ ಚಿತ್ರ ಸಾಯಲಿಲ್ಲ. ಕಾಪುವ ಬಿದ್ದು ನೂರ ಇಪ್ಪತ್ತು ವರ್ಷಗಳಾದ ಮೇಲೆ, ಮತವಿಲ್ಲದ ಸೇವೆಯಿಂದ ಬೇಸತ್ತ ಇಟಲಿಯ ಮಿತ್ರಜನಾಂಗಗಳು ಕ್ರಿ.ಪೂ. 91ರಲ್ಲಿ ರೋಮಿನ ವಿರುದ್ಧ ಎದ್ದು ತಮ್ಮದೇ ಬೆಳ್ಳಿನಾಣ್ಯಗಳನ್ನು ಅಚ್ಚೊತ್ತಿದಾಗ, ಅವುಗಳ ಮೇಲೆ ಮತ್ತೆ ಕಾಣಿಸಿಕೊಂಡದ್ದು ಹಂದಿಯ ಕಡೆಗೆ ಕತ್ತಿ ಚಾಚಿ ಪ್ರತಿಜ್ಞೆಗೈಯುವ ಯೋಧರು. ಕೆಲವುದರ ಮೇಲೆ ಮತ್ತೆ ಓಸ್ಕನ್ ಅಕ್ಷರಗಳು. ಆ ಯುದ್ಧದಲ್ಲಿ ಅವರು ರಣದಲ್ಲಿ ಸೋತರೂ ಕೇಳಿದ ಪೌರತ್ವವನ್ನು ಪಡೆದರು. ಕಾಪುವ ಪ್ರಾಣ ತೆತ್ತರೂ ಸಿಕ್ಕದಿದ್ದುದನ್ನು ರೋಮ್ ಕಡೆಗೆ ಇಟಲಿಗೆಲ್ಲ ಕೊಟ್ಟಿತು.

ನಾಣ್ಯವೆಂಬುದು ಊರೊಂದು ಲೋಕಕ್ಕೆ ಕೊಟ್ಟ ಮಾತು. ಆ ಮಾತನ್ನು ನಡೆಸಿಕೊಡುವ ಶಕ್ತಿ ರೋಮಿಗಿತ್ತು. ಆದುದರಿಂದ ಅದರ ಕಂಚು ಐದರಲ್ಲಿ ಒಂದು ಪಾಲಾದರೂ ಹಣವಾಗಿಯೇ ಉಳಿಯಿತು. ಕಾಪುವಕ್ಕೆ ಆ ಶಕ್ತಿ ಇರಲಿಲ್ಲ. ಸ್ನಾನಗೃಹಗಳ ಪಾಪವೂ ಹಾಮೆಯ ವಂಚನೆಯೂ ಅದರ ಪ್ರತಿಜ್ಞೆಯನ್ನು ಒಳಗಿನಿಂದಲೇ ತಿಂದಿದ್ದವು. ಹಾಗಾದರೂ ಆ ನಾಣ್ಯವನ್ನು ಸುಳ್ಳೆನ್ನಲು ಮನಸ್ಸು ಬಾರದು. ತನ್ನ ಬೆಟ್ಟದ ಜಿಂಕೆಯನ್ನೂ ತನ್ನ ಗುಡಿಯ ತಾಯಂದಿರನ್ನೂ ತನ್ನ ನುಡಿಯ ನಾಲ್ಕು ಅಕ್ಷರಗಳನ್ನೂ ಐದು ವರ್ಷದ ಮಟ್ಟಿಗಾದರೂ ಲೋಕದ ಕೈಯಲ್ಲಿಡಬೇಕೆಂದು ಬಯಸಿದ ಜನ ಅದರಲ್ಲಿದ್ದಾರೆ. ಎಡದಿಂದ ಬಲಕ್ಕೆ ಓದುವ ರೋಮಿನ ಅಭ್ಯಾಸದಿಂದ ನೋಡಿದರೆ ಆ ಅಕ್ಷರಗಳಿಂದ ಏನೂ ಹೊರಡುವುದಿಲ್ಲ. ಕಾಪುವ ಬರೆದಂತೆಯೇ, ಬಲದಿಂದ ಎಡಕ್ಕೆ, ಅವನ್ನು ಓದಬೇಕು.